ನೆನಪು ಮತ್ತು ಮನೋಚೌಕಟ್ಟು

ಮನೋಚೌಕಟ್ಟು ಎಂದರೆ ಹಿಂದಿನ ಅನುಭವಗಳಿಂದ ಮನಸ್ಸಿನಲ್ಲಿ ರೂಪುಗೊಂಡು, ಹೊಸದನ್ನು ಗ್ರಹಿಸುವಾಗಲೂ ಹಳೆಯದನ್ನು ನೆನೆಯುವಾಗಲೂ ತಾನಾಗಿ ಕೆಲಸ ಮಾಡುವ ತಿಳಿವಳಿಕೆಯ ವ್ಯವಸ್ಥೆ. ಮನೋವಿಜ್ಞಾನದಲ್ಲಿ ಇದಕ್ಕೆ ಸ್ಕೀಮಾ ಎಂಬ ಹೆಸರಿದೆ. ಮದುವೆ ಮನೆ ಎಂದೊಡನೆ ಚಪ್ಪರ, ವಾಲಗ, ಧಾರೆ, ಊಟದ ಪಂಕ್ತಿ ಎಲ್ಲವೂ ಒಟ್ಟಿಗೆ ಮನಸ್ಸಿಗೆ ಬರುತ್ತವೆ. ಯಾರೂ ಒಂದೊಂದನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಯಾವುದೋ ಒಂದು ಮದುವೆಗೆ ಹೋಗಿಬಂದು ಹತ್ತು ವರ್ಷವಾದ ಮೇಲೆ ‘ಅಲ್ಲಿ ವಾಲಗದವರು ಇದ್ದರೇ?’ ಎಂದು ಕೇಳಿದರೆ ‘ಇದ್ದರು’ ಎಂಬ ಉತ್ತರ ಸಲೀಸಾಗಿ ಬಾಯಿಗೆ ಬಂದುಬಿಡುತ್ತದೆ. ಆ ಉತ್ತರ ಆ ದಿನ ಕಂಡದ್ದರಿಂದ ಬಂತೋ, ಮದುವೆ ಎಂದರೆ ಹೀಗಿರುತ್ತದೆ ಎಂಬ ತಿಳಿವಳಿಕೆಯಿಂದ ಬಂತೋ ಹೇಳಿದವರಿಗೇ ತಿಳಿಯುವುದಿಲ್ಲ.

ನೆನಪೆಂದರೆ ನಡೆದದ್ದರ ಪಡಿಯಚ್ಚು, ಕಾಲ ಕಳೆದಂತೆ ಅದು ಮಸುಕಾಗುತ್ತದೆ ಅಷ್ಟೆ ಎಂಬುದು ಸಾಮಾನ್ಯ ನಂಬಿಕೆ. ಸುಮಾರು ನೂರು ವರ್ಷಗಳ ಸಂಶೋಧನೆ ಹೇಳುವುದೇ ಬೇರೆ. ಮನಸ್ಸಿನಲ್ಲಿ ಉಳಿದಿರುವುದು ಕೆಲವು ಚೂರುಗಳು. ನೆನೆಯುವ ಹೊತ್ತಿನಲ್ಲಿ ಮನಸ್ಸು ಅವನ್ನು ಜೋಡಿಸಿ ಕಟ್ಟುತ್ತದೆ. ಜೋಡಿಸುವ ಕ್ರಮವನ್ನೂ ನಡುನಡುವೆ ಬಿಟ್ಟುಹೋದ ಜಾಗಕ್ಕೆ ಬೇಕಾದ ಸಾಮಗ್ರಿಯನ್ನೂ ಒದಗಿಸುವುದು ಮನೋಚೌಕಟ್ಟು. ಅದಿಲ್ಲದೆ ನಾವು ನೆನಪಿಟ್ಟುಕೊಳ್ಳಬಲ್ಲದ್ದು ಬಹಳ ಕಡಿಮೆ. ನೆನಪು ತಪ್ಪುವುದಕ್ಕೂ ಬಹುಮಟ್ಟಿಗೆ ಅದೇ ಕಾರಣ. ಮರೆತದ್ದು ಮರೆತಿದೆ ಎಂದು ನಮಗೆ ಎಷ್ಟೋ ಸಲ ಗೊತ್ತಾಗುತ್ತದೆ. ತುಂಬಿಕೊಂಡದ್ದು ತುಂಬಿಕೊಂಡದ್ದೆಂದು ಗೊತ್ತಾಗುವುದಿಲ್ಲ. ಈ ವಿಷಯ ಪ್ರಯೋಗಶಾಲೆಯನ್ನು ದಾಟಿ ಶಾಲೆಗೂ ಆಸ್ಪತ್ರೆಗೂ ನ್ಯಾಯಾಲಯಕ್ಕೂ ಮುಖ್ಯವಾಗುವುದು ಈ ಕಾರಣದಿಂದ.

ಹಿನ್ನೆಲೆ

ನೆನಪನ್ನು ಪ್ರಯೋಗಕ್ಕೆ ಒಳಪಡಿಸಿದವರಲ್ಲಿ ಮೊದಲಿಗರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. 1885ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಅವರು ತಮ್ಮ ಮೇಲೆಯೇ ಪ್ರಯೋಗ ನಡೆಸಿ, ಅರ್ಥವಿಲ್ಲದ ಉಚ್ಚಾರಾಂಶಗಳ ಪಟ್ಟಿಗಳನ್ನು ಬಾಯಿಪಾಠ ಮಾಡಿ, ಎಷ್ಟು ಕಾಲಕ್ಕೆ ಎಷ್ಟು ಮರೆಯುತ್ತದೆ ಎಂದು ಅಳೆದರು. ಅರ್ಥವೂ ಹಿಂದಿನ ಪರಿಚಯವೂ ಬೆರೆತರೆ ಅಳತೆ ಕೆಡುತ್ತದೆ ಎಂಬುದು ಅವರ ಎಣಿಕೆಯಾಗಿತ್ತು. ಮರೆವಿನ ವೇಗವನ್ನು ತಿಳಿಯಲು ಅದು ತಕ್ಕ ದಾರಿಯೇ. ಆದರೆ ಜನ ಬದುಕಿನಲ್ಲಿ ನೆನಪಿಡುವುದು ಮಾತು, ಮುಖ, ಜಗಳ, ಕತೆ, ದಾರಿ ಇಂಥವನ್ನು. ಅವು ಯಾವುವೂ ಅರ್ಥದಿಂದ ಬಿಡಿಸಿ ತೆಗೆಯಲು ಬರುವಂಥವಲ್ಲ.

ಸ್ಕೀಮಾ ಎಂಬ ಪರಿಕಲ್ಪನೆ ತತ್ತ್ವಶಾಸ್ತ್ರದಲ್ಲಿ ಮೊದಲೇ ಇತ್ತು. ಇಮ್ಯಾನುಯೆಲ್ ಕಾಂಟ್ 1781ರ ತಮ್ಮ ಗ್ರಂಥದಲ್ಲಿ ಇಂದ್ರಿಯಾನುಭವವನ್ನೂ ಪರಿಕಲ್ಪನೆಯನ್ನೂ ಬೆಸೆಯುವ ಕೊಂಡಿಗೆ ಈ ಹೆಸರಿಟ್ಟಿದ್ದರು. ಇಂಗ್ಲೆಂಡಿನ ನರವೈದ್ಯರಾದ ಹೆನ್ರಿ ಹೆಡ್ ಮತ್ತು ಗೋರ್ಡನ್ ಹೋಮ್ಸ್ 1911ರಲ್ಲಿ, ಕೈಕಾಲು ಯಾವ ನಿಲುವಿನಲ್ಲಿವೆ ಎಂಬುದನ್ನು ಮಿದುಳು ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುತ್ತ ಇಟ್ಟುಕೊಂಡಿರುವ ಮಾದರಿಗೆ ಅದೇ ಹೆಸರನ್ನು ಬಳಸಿದರು. ಹೆಡ್ ಅವರಿಂದ ಅದನ್ನು ಪಡೆದು ನೆನಪಿನ ಅಧ್ಯಯನಕ್ಕೆ ತಂದವರು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಫ್ರೆಡರಿಕ್ ಬಾರ್ಟ್ಲೆಟ್. ಮಕ್ಕಳ ಬುದ್ಧಿಬೆಳವಣಿಗೆಯನ್ನು ವಿವರಿಸಲು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಕೂಡ ಇದನ್ನು ಬಳಸಿಕೊಂಡರು.

ಭಾರತೀಯ ದರ್ಶನಗಳಲ್ಲಿ ಸ್ಮೃತಿಯ ಚರ್ಚೆ ಹಳೆಯದು, ಸೂಕ್ಷ್ಮವೂ ಹೌದು. ಅನುಭವವು ಸಂಸ್ಕಾರವನ್ನು ಉಳಿಸಿಹೋಗುತ್ತದೆ, ಆ ಸಂಸ್ಕಾರ ಎಚ್ಚತ್ತಾಗ ಸ್ಮೃತಿ ಹುಟ್ಟುತ್ತದೆ ಎನ್ನುತ್ತದೆ ನ್ಯಾಯದರ್ಶನ. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಸ್ಮೃತಿಯನ್ನು ಯಥಾರ್ಥ, ಅಯಥಾರ್ಥ ಎಂದು ಎರಡಾಗಿ ವಿಂಗಡಿಸಿದೆ. ಕಪ್ಪೆಚಿಪ್ಪನ್ನು ಬೆಳ್ಳಿ ಎಂದು ಭ್ರಮಿಸುವ ಪ್ರಸಿದ್ಧ ಉದಾಹರಣೆಯಲ್ಲಿ, ಎದುರಿಗೆ ಕಾಣುತ್ತಿರುವುದಕ್ಕೂ ನೆನಪಿನಿಂದ ಬಂದ ಬೆಳ್ಳಿಗೂ ಇರುವ ಭೇದ ತಿಳಿಯದೆ ಹೋದದ್ದೇ ಭ್ರಮೆಗೆ ಕಾರಣ ಎಂದು ಪ್ರಾಭಾಕರ ಮೀಮಾಂಸಕರು ವಾದಿಸಿದರು. ಕಂಡದ್ದು ಯಾವುದು, ಮನಸ್ಸು ಕೊಟ್ಟದ್ದು ಯಾವುದು ಎಂಬ ಈ ಪ್ರಶ್ನೆ ಇಂದಿನ ಪ್ರಯೋಗಗಳ ನಡುವೆಯೂ ಇದೆ. ಆದರೆ ಒಂದು ಅಂತರವನ್ನು ಮರೆಯಬಾರದು. ನೈಯಾಯಿಕರ ಪ್ರಕಾರ ಮೂಲ ಅನುಭವ ಸರಿಯಿದ್ದರೆ ಸ್ಮೃತಿಯೂ ಸರಿ, ಅದು ತಪ್ಪಾಗಿದ್ದರೆ ಸ್ಮೃತಿಯೂ ತಪ್ಪು. ಸರಿಯಾಗಿ ಕಂಡದ್ದು ಕೂಡ ಮುಂದೆ ನೆನೆಯುವಾಗ ತಪ್ಪಾಗಬಹುದು ಎಂಬುದು ಆಧುನಿಕ ಸಂಶೋಧನೆ ತೋರಿಸಿದ ಸಂಗತಿ.

ಬಾರ್ಟ್ಲೆಟ್ ಪ್ರಯೋಗಗಳು

ಬಾರ್ಟ್ಲೆಟ್ (1886–1969) ಅವರ ನೆನಪಿನ ಕುರಿತ ಗ್ರಂಥ 1932ರಲ್ಲಿ ಹೊರಬಂತು. ಅದರಲ್ಲಿ, ಓದಲು ಕೊಟ್ಟು ನೆನಪಿನಿಂದ ಮರಳಿ ಬರೆಯಿಸಲೆಂದು ಅವರು ಆರಿಸಿಕೊಂಡ ಕತೆ ಉತ್ತರ ಅಮೆರಿಕದ ಕೊಲಂಬಿಯಾ ನದಿ ತೀರದ ಮೂಲನಿವಾಸಿಗಳದು. ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಸಂಗ್ರಹಿಸಿದ್ದು. ಸೀಲ್ ಬೇಟೆಗೆಂದು ಇಬ್ಬರು ತರುಣರು ನದಿಗೆ ಇಳಿಯುತ್ತಾರೆ. ಮಂಜು ಕವಿಯುತ್ತದೆ, ಯುದ್ಧದ ಕೂಗು ಕೇಳುತ್ತದೆ, ಮರದ ಓಡದಲ್ಲಿ ಬಂದ ಐವರು ಇವರನ್ನು ಕಾಳಗಕ್ಕೆ ಕರೆಯುತ್ತಾರೆ. ಒಬ್ಬ ಹೋಗುತ್ತಾನೆ, ಇನ್ನೊಬ್ಬ ಉಳಿಯುತ್ತಾನೆ. ಕಾಳಗದ ನಡುವೆ ತನಗೆ ಬಾಣ ತಗಲಿದೆ ಎಂದು ಯಾರೋ ಹೇಳುವುದು ಅವನ ಕಿವಿಗೆ ಬೀಳುತ್ತದೆ, ನೋವಿಲ್ಲ, ಇವರು ದೆವ್ವಗಳು ಎಂದುಕೊಳ್ಳುತ್ತಾನೆ. ಮನೆಗೆ ಮರಳಿ ನಡೆದದ್ದನ್ನೆಲ್ಲ ಹೇಳುತ್ತಾನೆ. ಸೂರ್ಯ ಹುಟ್ಟುವಾಗ ಕುಸಿದು ಬೀಳುತ್ತಾನೆ, ಬಾಯಿಂದ ಕಪ್ಪಗಿನದೇನೋ ಹೊರಬರುತ್ತದೆ, ಸಾಯುತ್ತಾನೆ.

ಕೇಂಬ್ರಿಡ್ಜಿನ ಓದುಗರಿಗೆ ಈ ಕತೆಯ ಹೆಜ್ಜೆಗಳು ಹಿಡಿಯಲಿಲ್ಲ. ದೆವ್ವಗಳೇಕೆ ಬಂದವು, ನೋವಿಲ್ಲದವನು ಸತ್ತದ್ದು ಹೇಗೆ ಎಂಬುದಕ್ಕೆ ಅವರಿಗೆ ಪರಿಚಿತವಾದ ಕತೆಗಳಲ್ಲಿ ಉತ್ತರವಿರಲಿಲ್ಲ. ಓದಿದ ಕೆಲವು ನಿಮಿಷಗಳ ನಂತರ, ವಾರಗಳ ನಂತರ, ತಿಂಗಳುಗಳ ನಂತರ ಅವರು ಬರೆದುಕೊಟ್ಟ ಕತೆ ಹಂತಹಂತವಾಗಿ ಇಂಗ್ಲಿಷ್ ಕತೆಯಾಗುತ್ತ ಹೋಯಿತು. ಮರದ ಓಡ ಸಾಮಾನ್ಯ ದೋಣಿಯಾಯಿತು, ಸೀಲ್ ಬೇಟೆ ಮೀನುಗಾರಿಕೆಯಾಯಿತು. ಬಾಯಿಂದ ಬಂದ ಕಪ್ಪು ವಸ್ತುವನ್ನು ಕೆಲವರು ನೊರೆ ಎಂದು ಬರೆದರು. ದೆವ್ವಗಳು ಕೆಲವರ ಕತೆಯಿಂದ ಮಾಯವಾದವು. ಬಿಟ್ಟದ್ದೂ ಸೇರಿಸಿದ್ದೂ ಗೊತ್ತುಗುರಿಯಿಲ್ಲದೆ ಆದದ್ದಲ್ಲ. ಎರಡೂ ಒಂದೇ ದಿಕ್ಕಿಗೆ, ಓದಿದವರ ಸಂಸ್ಕೃತಿಗೆ ಒಗ್ಗುವ ಕಡೆಗೆ ಸಾಗಿದ್ದವು. ಅರ್ಥವನ್ನು ಹುಡುಕುವ ಮನಸ್ಸಿನ ಹವಣಿಕೆಯೇ ಇದರ ಮೂಲ ಎಂದರು ಬಾರ್ಟ್ಲೆಟ್.

ಈ ಗ್ರಂಥದಲ್ಲಿ ಹೆಚ್ಚು ಉದ್ಧೃತವಾಗದ, ಆದರೆ ಎಲ್ಲಕ್ಕಿಂತ ಕಣ್ಣು ತೆರೆಸುವ ಭಾಗ ಒಂದಿದೆ. ಆರೂವರೆ ವರ್ಷಗಳ ನಂತರ ಒಬ್ಬ ಓದುಗ ಕತೆಯನ್ನು ನೆನೆಯಲು ಯತ್ನಿಸಿ, ಹೊಳೆದದ್ದನ್ನು ಒಂದೊಂದಾಗಿ ಬರೆದ. ಅಣ್ಣತಮ್ಮಂದಿರು, ದೋಣಿ, ಬಾಯಿಂದ ಬಂದ ಕಪ್ಪು ವಸ್ತು ಹೊಳೆದವು. ಮುಂದೆ, ಅವರು ಹೊರಟದ್ದು ತೀರ್ಥಯಾತ್ರೆಗೋ ಎಂದು ತನ್ನನ್ನೇ ಕೇಳಿಕೊಂಡ. ಅದರ ಬೆನ್ನಿಗೇ, ತೀರ್ಥಯಾತ್ರೆಯೇ ಎಂದು ಈಗ ಖಚಿತವಾಯಿತು ಎಂದು ಬರೆದ. ಮೂಲ ಕತೆಯಲ್ಲಿ ಯಾತ್ರೆಯೇ ಇಲ್ಲ. ಊಹೆಯಾಗಿ ಹುಟ್ಟಿದ್ದು ಅದೇ ಹಾಳೆಯಲ್ಲಿ ನೆನಪಾಗಿ ಬದಲಾದ ಈ ಗಳಿಗೆಗಿಂತ ಒಳ್ಳೆಯ ಪುರಾವೆ ಮುಂದಿನ ದೊಡ್ಡ ದೊಡ್ಡ ಪ್ರಯೋಗಗಳಲ್ಲೂ ಸಿಗುವುದು ಕಷ್ಟ.

ಅದೇ 1932ರಲ್ಲಿ ಅಮೆರಿಕದ ಕಾರ್ಮೈಕೇಲ್, ಹೋಗನ್ ಮತ್ತು ವಾಲ್ಟರ್ ಚಿತ್ರಗಳಲ್ಲೂ ಇದನ್ನೇ ಕಂಡರು. ಗೆರೆಯಿಂದ ಜೋಡಿಸಿದ ಎರಡು ವೃತ್ತಗಳನ್ನು ಕೆಲವರಿಗೆ ಕನ್ನಡಕವೆಂದು, ಕೆಲವರಿಗೆ ಡಂಬೆಲ್ ಎಂದು ಹೇಳಿ ತೋರಿಸಿದರು. ಮರಳಿ ಬಿಡಿಸುವಾಗ ಮೊದಲಿನವರ ಚಿತ್ರ ಕನ್ನಡಕದ ಕಡೆಗೂ ಉಳಿದವರದು ಡಂಬೆಲ್ ಕಡೆಗೂ ವಾಲಿತ್ತು.

ನೆನಪಿಗೆ ಆಧಾರ

ವಿರೂಪದ ಕತೆಯನ್ನಷ್ಟೇ ಹೇಳಿದರೆ ಮನೋಚೌಕಟ್ಟಿಗೆ ಅನ್ಯಾಯವಾಗುತ್ತದೆ. ಜಾನ್ ಬ್ರಾನ್ಸ್‌ಫರ್ಡ್ ಮತ್ತು ಮಾರ್ಸಿಯಾ ಜಾನ್ಸನ್ 1972ರಲ್ಲಿ ಒಂದು ಚಿಕ್ಕ ಗದ್ಯಭಾಗವನ್ನು ಓದಿ ಕೇಳಿಸಿದರು. ಒಂದೊಂದು ವಾಕ್ಯವೂ ಸರಳ; ಒಟ್ಟಾರೆ ಏನು ಹೇಳುತ್ತಿದೆ ಎಂದೇ ತಿಳಿಯದು. ವಿಷಯ ಬಟ್ಟೆ ಒಗೆಯುವುದು ಎಂದು ಮೊದಲೇ ತಿಳಿಸಿದವರು ಅದರ 18 ಅಂಶಗಳಲ್ಲಿ ಸರಾಸರಿ 6ರ ಹತ್ತಿರ ನೆನಪಿಟ್ಟರು. ತಿಳಿಸದೆ ಇದ್ದವರು 3 ಅಂಶಗಳನ್ನೂ ಮುಟ್ಟಲಿಲ್ಲ. ಕೇಳಿಸಿದ ಮೇಲೆ ವಿಷಯ ತಿಳಿಸಿದವರ ಫಲಿತಾಂಶವೂ ತಿಳಿಸದವರಿಗಿಂತ ಮೇಲಾಗಲಿಲ್ಲ. ಪಾಠ ಮುಗಿದ ಮೇಲೆ ಪಾಠದ ಉದ್ದೇಶ ಹೇಳುವ ಉಪಾಧ್ಯಾಯರು ಈ ಕೊನೆಯ ಸಂಗತಿಯನ್ನು ಗಮನಿಸಬೇಕು. ಒಳಗೆ ಹೋಗುವಾಗಲೇ ಚೌಕಟ್ಟು ಇರಬೇಕು. ಆಮೇಲೆ ಕೊಟ್ಟರೆ ಹಿಡಿಯಲು ಏನೂ ಉಳಿದಿರುವುದಿಲ್ಲ.

ಚದುರಂಗದಲ್ಲೂ ಹೀಗೆಯೇ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್, ನಿಜವಾದ ಆಟದ ನಡುವಿನ ಮಣೆಯೊಂದನ್ನು 5 ಸೆಕೆಂಡ್ ತೋರಿಸಿ ಮರೆಮಾಡಿದರು. ನುರಿತ ಆಟಗಾರ ಸುಮಾರು 16 ಕಾಯಿಗಳನ್ನು ಸರಿಯಾದ ಮನೆಯಲ್ಲಿಟ್ಟರೆ ಹೊಸಬ ಇಟ್ಟದ್ದು ನಾಲ್ಕೋ ಐದೋ. ಕಾಯಿಗಳನ್ನು ಮನಸ್ಸಿಗೆ ಬಂದಂತೆ ಚದುರಿಸಿ ತೋರಿಸಿದಾಗ ಇಬ್ಬರ ನಡುವಿನ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು. ನುರಿತವನ ನೆನಪಿನ ಶಕ್ತಿ ದೊಡ್ಡದಾಗಿರಲಿಲ್ಲ; ಅವನಲ್ಲಿದ್ದದ್ದು ಆಟದ ವಿನ್ಯಾಸಗಳ ಭಂಡಾರ.

ನೆನಪಿನಿಂದ ಹೊರತೆಗೆಯುವಾಗಲೂ ಚೌಕಟ್ಟಿನ ಕೆಲಸ ನಡೆಯುತ್ತದೆ. ರಿಚರ್ಡ್ ಆಂಡರ್ಸನ್ ಮತ್ತು ಜೇಮ್ಸ್ ಪಿಚರ್ಟ್ 1978ರಲ್ಲಿ ಒಂದು ಮನೆಯ ವರ್ಣನೆಯನ್ನು ಕೆಲವರಿಗೆ ಕಳ್ಳನ ಕಣ್ಣಿನಿಂದ, ಕೆಲವರಿಗೆ ಮನೆ ಕೊಳ್ಳುವವನ ಕಣ್ಣಿನಿಂದ ಓದಲು ಹೇಳಿದರು. ನೆನಪಿದ್ದನ್ನೆಲ್ಲ ಬರೆದ ಮೇಲೆ ನೋಟವನ್ನು ಅದಲುಬದಲು ಮಾಡಿ ಇನ್ನೊಮ್ಮೆ ಬರೆಯಿಸಿದಾಗ, ಮೊದಲ ಸಲ ಹೊಳೆಯದೇ ಇದ್ದ ವಿವರಗಳು ಕೆಲವು ಹೊರಬಂದವು. ಅವು ಅಳಿಸಿಹೋಗಿರಲಿಲ್ಲ, ತಲುಪುವ ದಾರಿ ಇರಲಿಲ್ಲ.

ಇಲ್ಲದ್ದು ಕಂಡಂತೆ

ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಬ್ರೂಯರ್ ಮತ್ತು ಜೇಮ್ಸ್ ಟ್ರೆಯೆನ್ಸ್ ನಡೆಸಿ 1981ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದದ್ದು. ಭಾಗವಹಿಸಲು ಬಂದವರನ್ನು ಸಂಶೋಧನಾ ವಿದ್ಯಾರ್ಥಿಯೊಬ್ಬರ ಕೋಣೆಯಲ್ಲಿ 35 ಸೆಕೆಂಡ್ ಕಾಯಿಸಿ, ಬೇರೆ ಕೋಣೆಗೆ ಕರೆದೊಯ್ದು, ಮೊದಲಿನ ಕೋಣೆಯಲ್ಲಿ ಏನೇನಿತ್ತು ಎಂದು ಕೇಳಿದರು. ಬರೆದುಕೊಟ್ಟ 30 ಜನರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಮೇಜು, ಕುರ್ಚಿ ನೆನಪಿದ್ದವು. 9 ಜನ ಪುಸ್ತಕಗಳಿದ್ದವು ಎಂದರು. ಆ ಕೋಣೆಯಲ್ಲಿ ಪುಸ್ತಕ ಇರಲಿಲ್ಲ. ಓದುವವರ ಕೋಣೆ ಎಂದರೆ ಪುಸ್ತಕ ಇರಲೇಬೇಕು ಎಂಬ ತಿಳಿವಳಿಕೆ ಕಣ್ಣಿನ ಕೆಲಸವನ್ನು ತಾನು ಮಾಡಿತ್ತು.

ಘಟನೆಗಳ ಸರಣಿಗೂ ಇಂಥ ಚೌಕಟ್ಟುಗಳಿವೆ. ರೋಜರ್ ಶ್ಯಾಂಕ್ ಮತ್ತು ರಾಬರ್ಟ್ ಅಬೆಲ್ಸನ್ 1977ರಲ್ಲಿ ಅವಕ್ಕೆ ಸ್ಕ್ರಿಪ್ಟ್ ಎಂದು ಹೆಸರಿಟ್ಟು ಹೋಟೆಲ್ ಊಟವನ್ನು ಮಾದರಿಯಾಗಿ ಕೊಟ್ಟರು: ಒಳಗೆ ಹೋಗುವುದು, ಕೂರುವುದು, ಬೇಕಾದ್ದು ಹೇಳುವುದು, ತಿನ್ನುವುದು, ಹಣ ಕೊಡುವುದು, ಹೊರಡುವುದು. ಬೆಂಗಳೂರಿನ ದರ್ಶಿನಿಗಳಲ್ಲಿ ಈ ಸರಣಿ ಕೆಲಸ ಮಾಡುವುದಿಲ್ಲ. ಅಲ್ಲಿ ಮೊದಲು ಬಿಲ್ಲು, ಆಮೇಲೆ ತಿಂಡಿ, ಅದೂ ನಿಂತುಕೊಂಡೇ. ಹೀಗೆ ಊರೂರಿಗೂ ಸರಣಿ ಬೇರೆಯಾಗುತ್ತದೆ, ಆದರೆ ಸರಣಿ ಇಲ್ಲದ ಊರಿಲ್ಲ. ಕತೆಯಲ್ಲಿ ಹೇಳದೆ ಬಿಟ್ಟ ಹೆಜ್ಜೆಯನ್ನು ಓದುಗರು ತಾವು ಓದಿದ್ದೆಂದೇ ಗುರುತಿಸುತ್ತಾರೆ ಎಂಬುದನ್ನು ಗೋರ್ಡನ್ ಬೋವರ್, ಜಾನ್ ಬ್ಲ್ಯಾಕ್ ಮತ್ತು ಟೆರೆನ್ಸ್ ಟರ್ನರ್ 1979ರಲ್ಲಿ ತೋರಿಸಿದರು.

ಗಂಡು ಹೆಣ್ಣಿನ ಕೆಲಸಗಳ ಕುರಿತ ಚೌಕಟ್ಟು ಎಳವೆಯಲ್ಲೇ ಗಟ್ಟಿಯಾಗುತ್ತದೆ. ಕ್ಯಾರಲ್ ಮಾರ್ಟಿನ್ ಮತ್ತು ಚಾರ್ಲ್ಸ್ ಹಾಲ್ವರ್ಸನ್ 1983ರ ಅಧ್ಯಯನದಲ್ಲಿ ಐದಾರು ವರ್ಷದ ಮಕ್ಕಳಿಗೆ, ಹುಡುಗಿಯೊಬ್ಬಳು ಗರಗಸದಿಂದ ಮರ ಕೊಯ್ಯುವಂಥ ಚಿತ್ರಗಳನ್ನು ತೋರಿಸಿದ್ದರು. ಒಂದು ವಾರದ ಮೇಲೆ ಎಷ್ಟೋ ಮಕ್ಕಳ ನೆನಪಿನಲ್ಲಿ ಆ ಹುಡುಗಿ ಹುಡುಗನಾಗಿದ್ದಳು. ರೂಢಿಯನ್ನು ಮುರಿಯುವ ಒಂದು ಚಿತ್ರ ತೋರಿಸಿದರೆ ರೂಢಿ ಸಡಿಲಾಗುತ್ತದೆ ಎಂದು ನಂಬಿ ಪಠ್ಯಪುಸ್ತಕ ರೂಪಿಸುವವರಿಗೆ ಇದು ಕಹಿ ಸತ್ಯ. ಚಿತ್ರವನ್ನೇ ರೂಢಿ ತಿದ್ದಿಬಿಡಬಲ್ಲದು.

ಸಂಸ್ಕೃತಿ, ವದಂತಿ, ಹಾಡುಗಬ್ಬ

ಬಾರ್ಟ್ಲೆಟ್ ಪ್ರಯೋಗ ಏಕಮುಖವಾಗಿತ್ತು. ಪರಕೀಯ ಕತೆಯನ್ನು ಇಂಗ್ಲಿಷರು ಓದಿದ್ದರು ಅಷ್ಟೆ. ಅದನ್ನು ಎರಡು ಕಡೆಯಿಂದಲೂ ಪರೀಕ್ಷಿಸಿದ್ದು ಮಾರ್ಗರೆಟ್ ಸ್ಟೆಫೆನ್ಸೆನ್, ಚಿತ್ರಾ ಜೋಗ್‌ದೇವ್ ಮತ್ತು ರಿಚರ್ಡ್ ಆಂಡರ್ಸನ್ ಅವರ 1979ರ ಅಧ್ಯಯನ. ಭಾರತದ ಮದುವೆಯೊಂದನ್ನೂ ಅಮೆರಿಕದ ಮದುವೆಯೊಂದನ್ನೂ ವರ್ಣಿಸುವ ಎರಡು ಪತ್ರಗಳನ್ನು, ಅಮೆರಿಕದಲ್ಲಿದ್ದ ಭಾರತೀಯರೂ ಅಮೆರಿಕನ್ನರೂ ಓದಿದರು. ತಮ್ಮ ಕಡೆಯ ಮದುವೆಯನ್ನು ಇಬ್ಬರೂ ಬೇಗ ಓದಿದರು, ಹೆಚ್ಚು ನೆನಪಿಟ್ಟರು. ಅದಕ್ಕೆ ಸೇರಿಸಿದ್ದೂ ಒಪ್ಪುವಂತೆಯೇ ಇತ್ತು. ಪರರ ಮದುವೆಯಲ್ಲಿ ಎಡವಿದರು. ಮದುಮಗಳು ಅಜ್ಜಿಯ ಮದುವೆಯ ಉಡುಪನ್ನೇ ಉಟ್ಟದ್ದು ಅಮೆರಿಕನ್ನರಿಗೆ ಮನೆತನದ ಹೆಮ್ಮೆ. ಭಾರತೀಯ ಓದುಗರಿಗೆ ಅದು ಹಳೆಯ ಬಟ್ಟೆಯಾಗಿ ಕಂಡಿತು. ವರದಕ್ಷಿಣೆಯ ಹಿಂದಿನ ಆತಂಕ ಅಮೆರಿಕನ್ನರ ನೆನಪಿನಲ್ಲಿ ಉಡುಗೊರೆಗಳ ವಿನಿಮಯವಾಗಿ ತಿಳಿಯಾಯಿತು.

ಚೌಕಟ್ಟು ವಿವರಗಳನ್ನು ಅಳಿಸಿಯೇ ಬಿಡುತ್ತದೆ ಎಂದೇನೂ ಇಲ್ಲ. ಆಫ್ರಿಕದ ಸ್ವಾಜಿ ಸಮುದಾಯದ ದನಗಾಹಿಯೊಬ್ಬ, ಒಂದು ವರ್ಷದ ಹಿಂದೆ ಕೊಂಡ ದನಗಳ ಬಣ್ಣ, ಗುರುತು, ಬೆಲೆಗಳನ್ನು ಹೆಚ್ಚುಕಡಿಮೆ ತಪ್ಪಿಲ್ಲದೆ ಹೇಳಿದ್ದನ್ನು ಬಾರ್ಟ್ಲೆಟ್ ಅವರೇ ದಾಖಲಿಸಿದ್ದಾರೆ. ದನಗಳೇ ಬದುಕಿನ ನಡುವೆ ಇರುವಲ್ಲಿ ದನಗಳ ನೆನಪು ನಿಖರ.

ವದಂತಿಯ ಅಧ್ಯಯನಕ್ಕೆ ಭಾರತದ ಕೊಡುಗೆ ದೊಡ್ಡದು. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದ ಮೇಲೆ ಹರಡಿದ ಮಾತುಗಳನ್ನು ಸಂಗ್ರಹಿಸಿ ಜಮುನಾ ಪ್ರಸಾದ್ 1935ರಲ್ಲಿ ಪ್ರಬಂಧ ಪ್ರಕಟಿಸಿದರು. ಗಂಗೆಯ ನೀರು ಕಾಣೆಯಾಯಿತು, ಸ್ನಾನಕ್ಕಿಳಿದವರು ಮರಳಿನಲ್ಲಿ ಹೂತುಹೋದರು, ಗ್ರಹಣದ ದಿನ ಇನ್ನೂ ದೊಡ್ಡ ಕಂಪನವಿದೆ ಎಂಬಂಥವು ಅವು. ಹಿಂದಿನ ಭೂಕಂಪಗಳ ವೃತ್ತಾಂತಗಳಲ್ಲೂ ಅದೇ ಬಗೆಯ ಸಂಗತಿಗಳು ಮರುಕಳಿಸುವುದನ್ನು ಅವರು 1950ರಲ್ಲಿ ತೋರಿಸಿದರು. ಆಪತ್ತು ಹೊಸದು, ಅದನ್ನು ಹೇಳುವ ಅಚ್ಚು ಪರಂಪರೆಯದು.

ಅಮೆರಿಕದ ಗೋರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ 1947ರ ಗ್ರಂಥದಲ್ಲಿ ಬಳಸಿದ ಚಿತ್ರವೊಂದರಲ್ಲಿ, ರೈಲಿನೊಳಗೆ ಕ್ಷೌರದ ಕತ್ತಿ ಹಿಡಿದ ಬಿಳಿಯನೂ ಅವನೆದುರು ಒಬ್ಬ ಕರಿಯನೂ ಇದ್ದರು. ಚಿತ್ರದ ವರ್ಣನೆ ಒಬ್ಬರಿಂದೊಬ್ಬರಿಗೆ ಸಾಗುವಾಗ, ಅರ್ಧಕ್ಕಿಂತ ಹೆಚ್ಚು ಸರಪಳಿಗಳಲ್ಲಿ ಎಲ್ಲೋ ಒಂದು ಕಡೆ ಕತ್ತಿ ಕರಿಯನ ಕೈಗೆ ಹೋಯಿತು. ಮುಂದೆ ಈ ಪ್ರಯೋಗಕ್ಕೇ ವಿರೂಪ ತಟ್ಟಿತು. ಚಿತ್ರವನ್ನು ಕಣ್ಣಾರೆ ಕಂಡವರೇ ಹೀಗೆ ತಪ್ಪು ನೆನಪಿಟ್ಟರು ಎಂದು ಅನೇಕ ಪಠ್ಯಪುಸ್ತಕಗಳು ಬರೆದವು. ಮೊಲಿ ಟ್ರೆಡ್‌ವೇ ಮತ್ತು ಮೈಕೇಲ್ ಮೆಕ್‌ಲಾಸ್ಕಿ 1987ರಲ್ಲಿ ಅದನ್ನು ಎತ್ತಿ ತೋರಿಸಬೇಕಾಯಿತು.

ಮೌಖಿಕ ಕಾವ್ಯದಲ್ಲಿ ಚೌಕಟ್ಟು ಸೃಷ್ಟಿಶೀಲವಾಗುತ್ತದೆ. ತುಳುನಾಡಿನ ಮಾಚಾರು ಗೋಪಾಲ ನಾಯ್ಕ ಅವರು 1990ರ ಡಿಸೆಂಬರಿನಲ್ಲಿ ಸಿರಿ ಮಹಾಕಾವ್ಯವನ್ನು ಬಾಯಲ್ಲಿ ಹೇಳಿ ಬರೆಯಿಸಿದಾಗ ಅದು 15,683 ಸಾಲುಗಳಷ್ಟಾಯಿತು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅದನ್ನು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ ಸಂಪಾದಿಸಿ 1998ರಲ್ಲಿ ಹೊರತಂದರು. ಇಷ್ಟು ದೊಡ್ಡ ಕಾವ್ಯ ಗಾಯಕನಲ್ಲಿ ಅಕ್ಷರಶಃ ಕಂಠಪಾಠವಾಗಿ ಇರುವುದಿಲ್ಲ. ಕತೆಯ ಎಳೆಗಳು, ಪದೇ ಪದೇ ಬರುವ ಸನ್ನಿವೇಶಗಳ ನುಡಿಗಟ್ಟುಗಳು, ಹಾಡುವ ನಿಯಮಗಳು, ಹಿಂದಿನ ಪ್ರದರ್ಶನಗಳ ನೆನಪು ಇವೆಲ್ಲ ಕೂಡಿದ ‘ಮಾನಸಿಕ ಪಠ್ಯ’ವಾಗಿ ಇರುತ್ತದೆ ಎಂದು ಹೊಂಕೊ ವಿವರಿಸಿದರು. ಪ್ರತಿ ಸಲವೂ ಕಾವ್ಯ ಅದರಿಂದ ಹೊಸದಾಗಿ ಹುಟ್ಟುತ್ತದೆ. ನ್ಯಾಯಾಲಯದಲ್ಲಿ ದೋಷ ಎನಿಸುವ ಪುನರ್ರಚನೆಯೇ ಇಲ್ಲಿ ಕಲೆಯ ಉಸಿರು.

ಸ್ವಂತ ಬದುಕಿನ ನೆನಪು

ಮನಸ್ಸಿಗೆ ನಾಟಿದ್ದು ತಪ್ಪುವುದಿಲ್ಲ ಎಂಬ ನಂಬಿಕೆಯನ್ನು ಅಲುಗಿಸಿದ ಎರಡು ಅಧ್ಯಯನಗಳು ಉಲ್ರಿಕ್ ನೈಸರ್ ಅವರವು. ವಾಟರ್‌ಗೇಟ್ ಹಗರಣದ ವಿಚಾರಣೆಯಲ್ಲಿ, ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಸಲಹೆಗಾರರಾಗಿದ್ದ ಜಾನ್ ಡೀನ್ 1973ರ ಜೂನ್‌ನಲ್ಲಿ 245 ಪುಟಗಳ ಹೇಳಿಕೆ ಕೊಟ್ಟಿದ್ದರು. ತಿಂಗಳುಗಳ ಹಿಂದಿನ ಮಾತುಕತೆಗಳನ್ನು ವಿವರವಿವರವಾಗಿ ಹೇಳಿದ್ದನ್ನು ಕಂಡು ಪತ್ರಕರ್ತರು ಅವರನ್ನು ಟೇಪ್ ರೆಕಾರ್ಡರ್‌ಗೆ ಹೋಲಿಸಿದ್ದರು. ಆ ಮಾತುಕತೆಗಳ ನಿಜವಾದ ಟೇಪುಗಳು ಬೆಳಕಿಗೆ ಬಂದ ಮೇಲೆ ನೈಸರ್ 1981ರಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. 1972ರ ಸೆಪ್ಟೆಂಬರ್ 15ರ ಭೇಟಿಯ ವಿಷಯದಲ್ಲಿ ಮಾತುಗಳಿರಲಿ, ಸಾರಾಂಶವೂ ಹೊಂದಿರಲಿಲ್ಲ. ಅಧ್ಯಕ್ಷರ ಭೇಟಿ ಹೇಗಿರಬೇಕೋ ಹಾಗೆ ಅದು ನೆನಪಿನಲ್ಲಿ ರೂಪುಗೊಂಡಿತ್ತು. ಡೀನ್ ಅವರ ಪಾತ್ರವೂ ಅದರಲ್ಲಿ ಹಿರಿದಾಗಿತ್ತು. ಹಾಗೆಂದು ಅವರು ಸುಳ್ಳು ಹೇಳಿರಲಿಲ್ಲ. ಅಪರಾಧವನ್ನು ಮುಚ್ಚಿಹಾಕುವ ಪ್ರಯತ್ನ ನಡೆದಿತ್ತು, ಅದು ನಿಕ್ಸನ್‌ಗೆ ಗೊತ್ತಿತ್ತು ಎಂಬ ಅವರ ಮೂಲ ಮಾತು ಸತ್ಯವಾಗಿತ್ತು. ವಿವರಗಳು ತಪ್ಪಾಗಿದ್ದೂ ಒಟ್ಟು ಸಂಗತಿ ನಿಜವಾಗಿರಬಹುದು ಎಂಬುದೂ ಈ ಅಧ್ಯಯನದ ಕಾಣಿಕೆ.

1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ, ಎಮೊರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಆ ಸುದ್ದಿ ತಮಗೆ ಹೇಗೆ ತಿಳಿಯಿತು ಎಂದು ಬರೆಸಿಕೊಳ್ಳಲಾಯಿತು. ಸುಮಾರು ಎರಡೂವರೆ ವರ್ಷಗಳ ಬಳಿಕ ಅವರಲ್ಲಿ 44 ಮಂದಿಯನ್ನು ಮತ್ತೆ ಕೇಳಿದಾಗ 11 ಜನರ ಉತ್ತರ ಒಂದು ಅಂಶದಲ್ಲೂ ಮೊದಲಿನದಕ್ಕೆ ಹೊಂದಲಿಲ್ಲ. ಮೊದಲು ಟಿವಿಯಿಂದ ತಿಳಿಯಿತು ಎಂದಿದ್ದವರು ಶೇಕಡ 21. ಆಮೇಲೆ ಶೇಕಡ 45. ದೊಡ್ಡ ಸುದ್ದಿ ತಿಳಿಯುವುದು ಟಿವಿಯಿಂದ ಎಂಬ ರೂಢಿ ತರಗತಿಯಲ್ಲೋ ಹಾದಿಯಲ್ಲೋ ಕೇಳಿದ ಮಾತನ್ನು ಒರೆಸಿಹಾಕಿತ್ತು. ತಮ್ಮ ಕೈಬರಹವನ್ನೇ ಮುಂದಿಟ್ಟಾಗಲೂ ಹಳೆಯ ನೆನಪು ಮರಳಲಿಲ್ಲ ಎಂದು 1992ರಲ್ಲಿ ನೈಸರ್ ಮತ್ತು ನಿಕೋಲ್ ಹಾರ್ಷ್ ವರದಿ ಮಾಡಿದರು.

ಸಾಕ್ಷಿಯ ಕಟಕಟೆಯಲ್ಲಿ

ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಕಾರು ಅಪಘಾತದ ಚಿತ್ರ ತೋರಿಸಿ ವೇಗ ಎಷ್ಟಿತ್ತು ಎಂದು ಕೇಳಿದರು. ಕಾರುಗಳು ‘ಅಪ್ಪಳಿಸಿದಾಗ’ ಎಂದು ಕೇಳಿದ್ದಕ್ಕೂ ‘ತಾಗಿದಾಗ’ ಎಂದು ಕೇಳಿದ್ದಕ್ಕೂ ಸರಾಸರಿ ಉತ್ತರದಲ್ಲಿ ಗಂಟೆಗೆ 9 ಮೈಲಿಯ ಅಂತರವಿತ್ತು. ಇನ್ನೊಂದು ಪ್ರಯೋಗದಲ್ಲಿ ವಾರದ ನಂತರ ಒಡೆದ ಗಾಜು ಕಂಡಿರಾ ಎಂದು ಕೇಳಿದಾಗ, ‘ಅಪ್ಪಳಿಸಿದಾಗ’ ಎಂಬ ಪ್ರಶ್ನೆ ಕೇಳಿದ್ದ 50 ಜನರಲ್ಲಿ 16 ಮಂದಿ ಕಂಡೆವೆಂದರು. ‘ಗುದ್ದಿದಾಗ’ ಎಂದು ಕೇಳಿದ್ದವರಲ್ಲಿ 7. ಚಿತ್ರದಲ್ಲಿ ಗಾಜು ಒಡೆದಿರಲಿಲ್ಲ. ಪ್ರಶ್ನೆಯ ಒಂದು ಪದ ಭೀಕರ ಅಪಘಾತದ ಚೌಕಟ್ಟನ್ನು ಎಬ್ಬಿಸಿತ್ತು, ಗಾಜಿನ ಚೂರು ಅದರೊಡನೆ ಬಂದಿತ್ತು.

ಎಳೆಯ ಮಕ್ಕಳಲ್ಲಿ ಈ ಪ್ರಭಾವ ಹೆಚ್ಚು. ಮಿಶೆಲ್ ಲೈಕ್ಟ್‌ಮನ್ ಮತ್ತು ಸ್ಟೀಫನ್ ಸೆಸಿ ಅವರ 1995ರ ಅಧ್ಯಯನದಲ್ಲಿ, ಸ್ಯಾಮ್ ಸ್ಟೋನ್ ಎಂಬ ಕಲ್ಪಿತ ಹೆಸರಿನವನು ವಸ್ತುಗಳನ್ನು ಕೆಡಿಸುವ ಎಡವಟ್ಟುಗಾರ ಎಂದು ಶಿಶುವಿಹಾರದ ಮಕ್ಕಳಿಗೆ ಮೊದಲೇ ಕತೆ ಹೇಳಿದ್ದರು. ಅವನು ಬಂದು, ಏನನ್ನೂ ಮುಟ್ಟದೆ ಹೋದ. ದಾರಿ ತಪ್ಪಿಸುವ ಪ್ರಶ್ನೆಗಳನ್ನು ವಾರಗಟ್ಟಲೆ ಕೇಳಿದ ಮೇಲೆ ಮೂರು ನಾಲ್ಕು ವರ್ಷದವರಲ್ಲಿ ಹತ್ತರಲ್ಲಿ ಏಳರಷ್ಟು ಮಕ್ಕಳು ಅವನು ಕೆಡಿಸಿದನೆಂದೇ ಹೇಳಿದರು. ಭಾರತದಲ್ಲಿ 2012ರ ಪೋಕ್ಸೊ ಕಾಯ್ದೆ, ಮಗುವನ್ನು ಸಾಕ್ಷ್ಯ ನುಡಿಯಲು ಪದೇ ಪದೇ ಕರೆಯಬಾರದು, ವಕೀಲರ ಪ್ರಶ್ನೆಗಳನ್ನು ನ್ಯಾಯಾಧೀಶರ ಮೂಲಕವೇ ಕೇಳಬೇಕು ಎಂದು ವಿಧಿಸಿದೆ. ಮಗುವನ್ನು ನೋವಿನಿಂದ ಕಾಯುವ ಈ ನಿಯಮ ಮಗುವಿನ ನೆನಪನ್ನೂ ಕಾಯುತ್ತದೆ.

ನೆನಪಿನ ಈ ಸ್ವಭಾವವನ್ನು ಭಾರತದ ಸರ್ವೋಚ್ಚ ನ್ಯಾಯಾಲಯ ಬಹಳ ಹಿಂದೆಯೇ ಗುರುತಿಸಿದೆ. ಭರ್ವಾಡ ಭೋಗಿನ್‌ಭಾಯಿ ಹಿರ್ಜಿಭಾಯಿ ವಿರುದ್ಧ ಗುಜರಾತ್ ರಾಜ್ಯ ಪ್ರಕರಣದ 1983ರ ತೀರ್ಪಿನಲ್ಲಿ, ಸಾಕ್ಷಿಯ ಮನಸ್ಸಿನ ಪರದೆಯ ಮೇಲೆ ವಿಡಿಯೊ ಟೇಪು ಓಡುವುದಿಲ್ಲ, ಅವನಿಂದ ಛಾಯಾಚಿತ್ರದಂಥ ನೆನಪನ್ನು ನಿರೀಕ್ಷಿಸಬಾರದು ಎಂದು ಹೇಳಿದೆ. ಪಾಟೀಸವಾಲಿನ ಒತ್ತಡದಲ್ಲಿ ಸಾಕ್ಷಿ ಗೊಂದಲಗೊಂಡು ಕಲ್ಪನೆಯಿಂದ ವಿವರ ತುಂಬಬಹುದು ಎಂದೂ ಗಮನಿಸಿದೆ. ಸಣ್ಣಪುಟ್ಟ ವ್ಯತ್ಯಾಸಗಳಿಂದ ಇಡೀ ಸಾಕ್ಷ್ಯವನ್ನು ತಳ್ಳಿಹಾಕಬಾರದು ಎಂಬ ತತ್ತ್ವ ಅಲ್ಲಿಂದ ಬಲವಾಯಿತು. ಅದರ ಇನ್ನೊಂದು ಮಗ್ಗುಲಿಗೆ ಇನ್ನೂ ಸಾಕಷ್ಟು ಗಮನ ಸಿಕ್ಕಿಲ್ಲ. ವ್ಯತ್ಯಾಸ ಸುಳ್ಳಿನ ಗುರುತಲ್ಲದಿದ್ದರೆ, ವ್ಯತ್ಯಾಸವಿಲ್ಲದ ನಿರರ್ಗಳ ಹೇಳಿಕೆ ಸತ್ಯದ ಗುರುತೂ ಅಲ್ಲ. ಅದು ಚೆನ್ನಾಗಿ ತುಂಬಿಕೊಂಡ ನೆನಪೂ ಆಗಿರಬಹುದು. ಗುರುತು ಪತ್ತೆ ಪೆರೇಡನ್ನು ಸ್ವತಂತ್ರ ಸಾಕ್ಷ್ಯವೆಂದು ಎಣಿಸದೆ, ನ್ಯಾಯಾಲಯದಲ್ಲಿ ಗುರುತಿಸಿದ್ದಕ್ಕೆ ಬೆಂಬಲವಾಗಿ ಮಾತ್ರ ನೋಡುವ ಪದ್ಧತಿ ನಮ್ಮಲ್ಲಿದೆ. ಆದರೆ ನ್ಯಾಯಾಲಯದಲ್ಲಿ ಗುರುತಿಸುವುದು ಘಟನೆಯ ಎಷ್ಟೋ ವರ್ಷಗಳ ಮೇಲೆ, ಆರೋಪಿಯ ಸ್ಥಾನದಲ್ಲಿ ನಿಂತವನನ್ನು ನೋಡಿ. ನೆನಪಿನ ದೃಷ್ಟಿಯಿಂದ, ಘಟನೆಗೆ ಹತ್ತಿರದ ದಿನಗಳಲ್ಲಿ ಸರಿಯಾಗಿ ನಡೆಸಿದ ಪೆರೇಡೇ ಹೆಚ್ಚು ಬೆಲೆಯುಳ್ಳದ್ದು.

ರೊನಾಲ್ಡ್ ಫಿಶರ್ ಮತ್ತು ಎಡ್ವರ್ಡ್ ಗೈಸೆಲ್ಮನ್ 1980ರ ದಶಕದಲ್ಲಿ ರೂಪಿಸಿದ ವಿಚಾರಣಾ ಕ್ರಮ, ಸಾಕ್ಷಿ ಹೀಗೆ ವಿವರ ತುಂಬಿಕೊಳ್ಳುವುದಕ್ಕೊಂದು ಪರಿಹಾರ. ಸಾಕ್ಷಿಯನ್ನು ತಡೆಯದೆ ಹೇಳಲು ಬಿಡುವುದು, ಸುತ್ತಲಿನ ಸನ್ನಿವೇಶವನ್ನು ಮನಸ್ಸಿಗೆ ತಂದುಕೊಳ್ಳಲು ಹೇಳುವುದು, ಕೊನೆಯಿಂದ ಮೊದಲಿಗೆ ಹೇಳಿಸುವುದು ಅದರ ಅಂಗಗಳು. ಹಿಮ್ಮುಖವಾಗಿ ಹೇಳುವಾಗ ರೂಢಿಯ ಸರಣಿ ನೆರವಿಗೆ ಬರುವುದಿಲ್ಲ, ಆದ್ದರಿಂದ ಅದರಿಂದ ತುಂಬಿಸುವುದೂ ಕಷ್ಟ ಎಂಬುದು ಇದರ ಹಿಂದಿನ ಆಲೋಚನೆ.

ಮಿದುಳಿನಲ್ಲಿ

ಹೊಸ ಅನುಭವವನ್ನು ಮೊದಲು ಹಿಡಿದಿಡುವುದು ಹಿಪ್ಪೊಕ್ಯಾಂಪಸ್ ಎಂಬ ಭಾಗ. ಅದು ಮಿದುಳಿನ ಹೊರಪದರಕ್ಕೆ ನೆಲೆಗೊಳ್ಳಲು ಸಾಮಾನ್ಯವಾಗಿ ದೀರ್ಘಕಾಲ ಬೇಕು. ಎಡಿನ್‌ಬರೊದ ರಿಚರ್ಡ್ ಮಾರಿಸ್ ಅವರ ತಂಡ 2007ರಲ್ಲಿ ಇಲಿಗಳಿಗೆ ಯಾವ ರುಚಿಯ ತಿನಿಸು ಯಾವ ಜಾಗದಲ್ಲಿ ಎಂಬುದನ್ನು ವಾರಗಟ್ಟಲೆ ಕಲಿಸಿತು. ಆ ನಕ್ಷೆ ಗಟ್ಟಿಯಾದ ಮೇಲೆ ಸೇರಿಸಿದ ಹೊಸ ಜೋಡಿಗಳನ್ನು ಇಲಿಗಳು ಒಂದೇ ಸಲಕ್ಕೆ ಕಲಿತವು. 48 ಗಂಟೆಗಳೊಳಗೆ ಆ ಕಲಿಕೆಗೆ ಹಿಪ್ಪೊಕ್ಯಾಂಪಸ್‌ನ ಹಂಗು ಇಲ್ಲವಾಯಿತು. ಚೌಕಟ್ಟು ಇದ್ದಲ್ಲಿ ಕಲಿಕೆ ಬೇಗ ಎಂಬ ಮಾತಿಗೆ ಮಿದುಳಿನ ಆಧಾರ ಸಿಕ್ಕಿತು. ಹೊಸದು ಹಳೆಯ ಚೌಕಟ್ಟಿಗೆ ಒಗ್ಗಿದಾಗ ಹಣೆಯ ಹಿಂದಿರುವ ಮಿದುಳಿನ ಮಧ್ಯಭಾಗ ಮುಂದಾಳಾಗುತ್ತದೆ, ಒಗ್ಗದೆ ಹೋದಾಗ ಹಿಪ್ಪೊಕ್ಯಾಂಪಸ್ ಮತ್ತು ಅದರ ಆಸುಪಾಸಿನ ಭಾಗಗಳು ವಿವರಗಳನ್ನು ಹಿಡಿಯುತ್ತವೆ ಎಂದು ಮಾರ್ಲೀಕೆ ವಾನ್ ಕೆಸ್ಟೆರೆನ್ ಮತ್ತು ಸಂಗಡಿಗರು 2012ರಲ್ಲಿ ಸೂಚಿಸಿದರು.

ಹಾಸಿಗೆ, ಕನಸು, ಗೊರಕೆ, ಆಕಳಿಕೆ ಎಂಬಂಥ ಪದಗಳನ್ನು ಕೇಳಿಸಿದರೆ, ಪಟ್ಟಿಯಲ್ಲಿ ಇಲ್ಲದ ‘ನಿದ್ದೆ’ಯನ್ನೂ ಕೇಳಿದೆವೆಂದು ಬಹಳ ಜನ ಹೇಳುತ್ತಾರೆ ಎಂಬುದು ಹೆನ್ರಿ ರೋಡಿಗರ್ ಮತ್ತು ಕ್ಯಾಥ್ಲೀನ್ ಮೆಕ್‌ಡರ್ಮಟ್ ಅವರ 1995ರ ಪ್ರಯೋಗಗಳಿಂದ ಪ್ರಸಿದ್ಧವಾದ ಸಂಗತಿ. ಮುಂಭಾಗದ ಆ ಮಧ್ಯಪ್ರದೇಶಕ್ಕೆ ಹಾನಿಯಾದವರಲ್ಲಿ ಈ ಸುಳ್ಳು ನೆನಪು ಕಡಿಮೆ ಎಂದು 2014ರ ಅಧ್ಯಯನವೊಂದು ಕಂಡಿತು.

ಆಕ್ಷೇಪಗಳು

ಸಿದ್ಧಾಂತಕ್ಕೆ ಟೀಕೆಯೂ ಇದೆ. ಜೋಸೆಫ್ ಆಲ್ಬಾ ಮತ್ತು ಲಿನ್ ಹ್ಯಾಷರ್ 1983ರ ವಿಮರ್ಶೆಯಲ್ಲಿ, ನೆನಪಿನಲ್ಲಿ ಉಳಿಯುವ ವಿವರ ಈ ಸಿದ್ಧಾಂತ ಒಪ್ಪುವುದಕ್ಕಿಂತ ಎಷ್ಟೋ ಸಮೃದ್ಧ ಎಂದು ವಾದಿಸಿದರು. ಆಲನ್ ಗಾಲ್ಡ್ ಮತ್ತು ಜೆಫ್ರಿ ಸ್ಟೀಫನ್ಸನ್ 1967ರಲ್ಲಿ, ಖಚಿತವಾಗಿ ನೆನಪಿರುವುದನ್ನು ಮಾತ್ರ ಬರೆಯಿರಿ ಎಂದು ಕಟ್ಟುನಿಟ್ಟಾಗಿ ಹೇಳಿದಾಗ ಬಾರ್ಟ್ಲೆಟ್ ಕಂಡ ಬಗೆಯ ತಪ್ಪುಗಳು ಇಳಿದದ್ದನ್ನು ಗಮನಿಸಿದ್ದರು. ಹಾಗಾದರೆ ಆ ವಿರೂಪದಲ್ಲಿ ಒಂದು ಪಾಲು ನೆನಪಿನದಲ್ಲ, ಬರೆಯುವವರ ಸಲಿಗೆಯದು. ಇನ್ನೊಂದೆಡೆ, ಎರಿಕ್ ಬರ್ಗ್‌ಮನ್ ಮತ್ತು ರೋಡಿಗರ್ 1999ರಲ್ಲಿ ಅದೇ ಕತೆಯಿಂದ ಪ್ರಯೋಗವನ್ನು ಪುನರಾವರ್ತಿಸಿ ಬಾರ್ಟ್ಲೆಟ್ ಅವರ ಮುಖ್ಯ ಫಲಿತಾಂಶ ನಿಲ್ಲುತ್ತದೆ ಎಂದು ತೋರಿಸಿದರು.

ರೂಢಿಗೆ ಒಗ್ಗದ್ದು ಯಾವಾಗಲೂ ಅಳಿಸಿಹೋಗುವುದೂ ಇಲ್ಲ. ಬ್ರೂಯರ್ ಅವರ ಪ್ರಯೋಗದ ಕೋಣೆಯಲ್ಲಿದ್ದ ತಲೆಬುರುಡೆಯನ್ನು ಹಲವರು ನೆನಪಿಟ್ಟಿದ್ದರು. ತೀರ ಒಗ್ಗುವುದೂ ತೀರ ವಿಚಿತ್ರವಾದದ್ದೂ ಉಳಿದು, ನಡುವಿನದು ಜಾರುತ್ತದೆ ಎಂಬುದು ಈಗ ಹಲವರು ಒಪ್ಪುವ ವಿವರಣೆ. ಯಾವ ಚೌಕಟ್ಟಿನಿಂದಲೂ ವಿವರಿಸಲಾಗದ ಸಾಮೂಹಿಕ ತಪ್ಪುಗಳೂ ಇವೆ. ಪಿಕಾಚು ಎಂಬ ಕಾರ್ಟೂನ್ ಪ್ರಾಣಿಯ ಬಾಲದ ತುದಿ ಕಪ್ಪು ಎಂದು ಅದನ್ನು ಚೆನ್ನಾಗಿ ಬಲ್ಲವರೂ ನೆನೆಯುತ್ತಾರೆ, ಅದು ಕಪ್ಪಲ್ಲ. ಬೇರೆ ಬೇರೆ ಜನ ಒಂದೇ ತಪ್ಪನ್ನು ಏಕೆ ಮಾಡುತ್ತಾರೆ ಎಂದು ದೀಪಶ್ರೀ ಪ್ರಸಾದ್ ಮತ್ತು ವಿಲ್ಮಾ ಬೈನ್‌ಬ್ರಿಜ್ 2022ರಲ್ಲಿ ಪರಿಶೀಲಿಸಿದಾಗ, ಚಿತ್ರವನ್ನು ನೋಡುವ ರೀತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಲ್ಲ ಚಿತ್ರಗಳಿಗೂ ಹೊಂದುವ ಒಂದೇ ಕಾರಣವೂ ಸಿಗಲಿಲ್ಲ. ಒಬ್ಬ ವ್ಯಕ್ತಿಯ ಮನೋಚೌಕಟ್ಟನ್ನು ಮೊದಲೇ ಅಳೆದು, ಅವನ ನೆನಪು ಎಲ್ಲಿ ತಪ್ಪೀತು ಎಂದು ಮುಂಚಿತವಾಗಿ ಹೇಳುವ ವಿಧಾನವನ್ನು ಈ ಕ್ಷೇತ್ರ ಇನ್ನೂ ಕಂಡುಕೊಳ್ಳಬೇಕಾಗಿದೆ.